ಪಿಎಚ್‌ಪಿ 5.6ಕ್ಕೆ ನಾನೇ ತೇಪೆ ಹಾಕಿದ್ದು: ಮೊದ್ಲು ಕೆಂಪು, ಆಮೇಲೆ ಪ್ಯಾಚು

ಸಪೋರ್ಟ್ ನಿಂತ್ಹೋದ ಪಿಎಚ್‌ಪಿ 5.6ಕ್ಕೆ (ವೆಬ್‌ಸೈಟ್ ಬರೆಯೋ ಭಾಷೆಯ ಹಳೇ ವರ್ಷನ್) ಸೆಕ್ಯೂರಿಟಿ ತೂತು ಮುಚ್ಚೋ ಪ್ಯಾಚುಗಳನ್ನ ನಾನೇ ಹಾಕಿದ ಕಥೆ ಬರೀಬೇಕು ಅನ್ಕೊಂಡು ಆರು ತಿಂಗಳಾಯ್ತು. ಈಗ ಬರೀತಿರೋದು ಯಾಕಂದ್ರೆ, ‘ಆಗಲ್ಲ ಬಿಡೋ’ ಅಂದಿದ್ದ ಮೂರು ಜನರಲ್ಲಿ ಇಬ್ರು ಹೋದ್ ವಾರ ಫೋನ್ ಮಾಡಿ ‘ಅದೇನೋ ಮಾಡಿದ್ಯಲ್ಲ ಮಾರಾಯ, ನಮ್ ಕಡೇನೂ ಒಂದು ಕೇಸಿದೆ’ ಅಂದ್ರು. ಮೂರನೆಯವನು ಇನ್ನೂ ಡಾಕರ್ ಡಾಕರ್ ಅಂತಿದಾನೆ. ಹಳೇ ಪಿಎಚ್‌ಪಿನ ಹೊಸ ಡಬ್ಬಿಗೆ ಹಾಕಿದ್ರೆ ತೂತು ಮುಚ್ಕೊಳತ್ತೆ ಅಂತ ಅವನಿಗೆ ಯಾರು ಹೇಳಿದ್ರೋ ಗೊತ್ತಿಲ್ಲ.

ಕೇಸು ಏನಂದ್ರೆ, ಶಿವಮೊಗ್ಗ ಕಡೆ ಒಂದು ಸೌಹಾರ್ದ ಸಹಕಾರಿ, ನಾಲ್ಕು ಬ್ರಾಂಚು, ಸುಮಾರು ಮೂವತ್ತು ಜನ ಪಿಗ್ಮಿ ಏಜೆಂಟ್ರು. ಸಾಫ್ಟ್‌ವೇರ್ 2009-10ರ ಕಾಲದ್ದು. ಅರ್ಧ ಫೈಲು ಎನ್‌ಕೋಡ್ ಆಗಿವೆ (ಓದಕ್ಕಾಗದಂಗೆ ಬೀಗ ಹಾಕಿದ್ದು), ಸೋರ್ಸು, ಅಂದ್ರೆ ಮೂಲ ಕೋಡು, ಯಾರ ಹತ್ರಾನೂ ಇಲ್ಲ, ಬರೆದವನ ನಂಬರ್ ಸ್ವಿಚ್ ಆಫ್. ಆ ಫೈಲುಗಳು ಬೀಗ ಬಿಚ್ಚೋ ಲೋಡರ್ ಇಲ್ಲದೆ ಓಡಲ್ಲ, 5.6ರಿಂದ ಮೇಲಕ್ಕೆ ಹೋದ್ರೆ ಉಸಿರೇ ಎತ್ತಲ್ಲ. ಮೇಲಿಂದ ಸದಸ್ಯರ ಹೆಸರೆಲ್ಲ ನುಡಿ ಆಸ್ಕಿಲಿ (ಯುನಿಕೋಡ್ ಅಲ್ಲದ ಹಳೇ ಫಾಂಟಲ್ಲಿ) ಟೈಪ್ ಮಾಡಿ ಇಂಗ್ಲಿಷ್ ಥರದ ಅಕ್ಷರಕ್ಕಿರೋ ಲ್ಯಾಟಿನ್-1 ಕಾಲಮ್ಮಲ್ಲಿ ತುಂಬಿದಾರೆ. ಈ ಕೆಲಸ ಮಾಡ್ದೋರಿಗೆ ಗೊತ್ತು, 5.3ರಿಂದ 5.6ಕ್ಕೆ ತಂದಾಗ್ಲೇ ಎಚ್‌ಟಿಎಂಎಲ್‌ಸ್ಪೆಷಲ್‌ಚಾರ್ಸ್ (ಪೇಜಲ್ಲಿ ತೋರ್ಸೋ ಮೊದ್ಲು ಅಕ್ಷರ ಸರಿಮಾಡೋ ಫಂಕ್ಷನ್) ಎಲ್ಲಾನೂ ಯುಟಿಎಫ್-8, ಅಂದ್ರೆ ಯುನಿಕೋಡ್, ಅಂದ್ಕೊಂಡು ಎಲ್ಲಾ ಹೆಸರೂ ಖಾಲಿ ತೋರ್ಸಿತ್ತು, ಪಾಸ್‌ಬುಕ್ ಪ್ರಿಂಟಲ್ಲಿ ಹೆಸರೇ ಇಲ್ಲ, ಬರೀ ದುಡ್ಡು. ಡೀಫಾಲ್ಟ್ ಚಾರ್‌ಸೆಟ್ಟನ್ನ ಐಎಸ್‌ಒ-8859-1 (ಅದೇ ಲ್ಯಾಟಿನ್-1) ಮಾಡಿ ಬಚಾವಾಗಿದ್ವಿ.

5.6ರ ಕೊನೇ ರಿಲೀಸ್ 5.6.40, ಬಂದಿದ್ದು 2019 ಜನವರಿ, ಸಪೋರ್ಟ್ ಅದಕ್ಕೂ ಮೊದ್ಲು 2018 ಡಿಸೆಂಬರ್ 31ಕ್ಕೇ ಮುಗ್ದಿತ್ತು. ಆಮೇಲೆ ಬಂದ ತೂತುಗಳಿಗೆಲ್ಲ ನಾವೇ ದಿಕ್ಕು. ಸೆಕ್ರೆಟರಿ ಒಂದಿನ ಕರ್ಸಿ, ‘ನೋಡಪ್ಪ, ಆಡಿಟ್‌ನೋರು ಏನೋ ಪೂರ್ತಿ ಕೆಂಪು ಕೆಂಪು ಬರ್ದಿದಾರೆ, ಏನಿದು?’ ಅಂದ್ರು. ಹೊಸದಾಗಿ ಬರೆಸೋಕೆ ಕೊಟೇಶನ್ ತರ್ಸಿದ್ರು, ಹದಿನಾಲ್ಕು ಲಕ್ಷ, ಡೇಟಾ ತರೋದು ಬೇರೆ. ಬೋರ್ಡ್ ಮೀಟಿಂಗಲ್ಲಿ ಕಾಫಿ ಆರೋದ್ರೊಳಗೆ ಆ ಫೈಲು ಮುಚ್ಚಿತು.

ನಾನು ಹೇಳ್ದೆ, ಹೊಸ ವರ್ಷನ್‌ಗಳಿಗೆ ಬಂದ ಫಿಕ್ಸುಗಳನ್ನ 5.6ರ ಸೋರ್ಸಿಗೆ ಇಳ್ಸಿ ನಾನೇ ಕಂಪೈಲ್ ಮಾಡ್ತೀನಿ ಅಂತ. ಪ್ಯಾಚು ಹುಡುಕೋದು ದೊಡ್ಡ ವಿಷಯ ಅಲ್ಲ. ಡೆಬಿಯನ್ 8 ಲಿನಕ್ಸಲ್ಲಿ ಇದೇ 5.6 ಇತ್ತು, ಅದರ ಎಲ್‌ಟಿಎಸ್‌ನೋರು (ಹಳೇ ವರ್ಷನ್ ಕಾಯೋ ತಂಡ) 2020 ಜೂನ್‌ವರೆಗೂ ಹಾಕ್ತಾ ಬಂದಿದಾರೆ, ಬೇರೆ ಲಿನಕ್ಸಿಗೆ ಪಿಎಚ್‌ಪಿ ಕಟ್ಟಿಕೊಡೋ ರೆಮಿಯ ರೆಪೊದಲ್ಲೂ ಸಿಗತ್ತೆ. ಹಾಕಿದ ಪ್ಯಾಚು ನಿಜವಾಗ್ಲೂ ಕೂತಿದೆಯಾ ಅನ್ನೋದು ನೋಡಿ ಕಷ್ಟ. ಅಲ್ಲೇ ನಾನು ಎರಡು ತಿಂಗಳು ಮಣ್ಣು ತಿಂದಿದ್ದು.

ಮೊದ್ಲನೇ ಸುತ್ತಲ್ಲಿ ಒಂದು ಹದಿನೆಂಟು ಪ್ಯಾಚು ಸಾಲಾಗಿ ಹಾಕ್ದೆ. ‘ಹಂಕ್ ಸಕ್ಸೀಡೆಡ್, ಆಫ್‌ಸೆಟ್ ಇಷ್ಟು, ಫಜ್ 2’ ಅಂತ ಬಂತು (ಫಜ್ ಅಂದ್ರೆ ಸುತ್ತಲಿನ ಸಾಲು ಪೂರ್ತಿ ಹೊಂದದಿದ್ರೂ ಅಂದಾಜಲ್ಲಿ ಕೂರ್ಸಿದ್ದು), ಖುಷೀಲಿ ಮಲ್ಕೊಂಡೆ. ಒಂದು ವಾರ ಬಿಟ್ಟು ಎಕ್ಸಿಫ್ (ಫೋಟೋ ಒಳಗಿನ ಮಾಹಿತಿ ಓದೋ ಭಾಗ) ಫೈಲು ತೆಗೆದು ನೋಡಿದ್ರೆ, ಚೆಕ್ ಹಾಕ್ಬೇಕಾದ ಫಂಕ್ಷನ್ ಬಿಟ್ಟು ಅದರ ಅಕ್ಕಪಕ್ಕದ, ನೋಡೋಕೆ ಅವಳಿ ಜವಳಿ ಥರ ಇರೋ ಇನ್ನೊಂದು ಫಂಕ್ಷನ್ನಲ್ಲಿ ಹೋಗಿ ಕೂತಿದೆ! ಕಂಪೈಲ್ ಆಗತ್ತೆ, ಓಡತ್ತೆ, ಫೋಟೋ ಓದತ್ತೆ, ತೂತು ಮಾತ್ರ ಹಾಗೇ ಇದೆ. ಫಜ್ ಸೊನ್ನೆ ಇಲ್ದಿದ್ರೆ ಪ್ಯಾಚ್ ಹಾಕ್ಲೇಬಾರ್ದು ಅನ್ನೋದನ್ನ ಅವತ್ತೇ ಗೋಡೆ ಮೇಲೆ ಬರ್ದಿಟ್ಟೆ.

ಅಲ್ಲಿಂದ ದಾರಿ ಬದಲಾಯ್ಸಿದೆ. ಪಿಎಚ್‌ಪಿಯ ಸೆಕ್ಯೂರಿಟಿ ಫಿಕ್ಸುಗಳ ಜೊತೆ ಸಾಮಾನ್ಯವಾಗಿ ಒಂದು ಪಿಎಚ್‌ಪಿಟಿ ಟೆಸ್ಟ್ ಬರತ್ತಲ್ಲ, ಅದನ್ನ ಮೊದ್ಲು ಪ್ಯಾಚ್ ಇಲ್ಲದ 5.6.40 ಮೇಲೆ ಓಡ್ಸೋದು. ಅಡ್ರೆಸ್ ಸ್ಯಾನಿಟೈಸರ್ (ಮೆಮರಿ ತಪ್ಪಿದ ಕಡೆ ಕೂಗೋ ಸಾಧನ) ಹಾಕಿ ಕಟ್ಟಿದ ಬಿಲ್ಡು, ಪಿಎಚ್‌ಪಿ ಎಂಜಿನ್ ಜೆಂಡ್‌ನ ಸ್ವಂತ ಅಲೋಕೇಟರ್, ಅಂದ್ರೆ ಮೆಮರಿ ಹಂಚೋದು, ಆಫ್ (ಇದನ್ನ ಮರೆತ್ರೆ ಸ್ಯಾನಿಟೈಸರ್‌ಗೆ ಏನೂ ಕಾಣಲ್ಲ, ನಾನು ನಾಲ್ಕು ದಿನ ಮರೆತಿದ್ದೆ, ಎಲ್ಲ ಹಸಿರು ಅಂತ ಎಲ್ಲರಿಗೂ ಹೇಳ್ಕೊಂಡೂ ಬಂದಿದ್ದೆ). ಟೆಸ್ಟ್ ಕೆಂಪಾದ್ರೆ (ಫೇಲಾದ್ರೆ) ತೂತು ನಮ್ಮಲ್ಲೂ ಇದೆ ಅಂತ. ಆಮೇಲೆ ಪ್ಯಾಚು, ಆಮೇಲೆ ಹಸಿರು. ಕೆಂಪು ಕಾಣ್ದೆ ಹಸಿರು ಬಂದ್ರೆ ಆ ಪ್ಯಾಚನ್ನ ನಾನು ಲೆಕ್ಕಕ್ಕೇ ತಗೊಳಲ್ಲ.

ಆದ್ರೆ ಕೆಂಪಲ್ಲೂ ಕಳ್ಳ ಕೆಂಪು ಇದೆ. ಕೆಲವು ಟೆಸ್ಟಲ್ಲಿ ಎರಡು ಪ್ರಶ್ನಾರ್ಥಕ ಚಿಹ್ನೆ ಆಪರೇಟರ್ ಬಳಸಿರ್ತಾರೆ, ಅದು 7.0ಕ್ಕೆ ಬಂದಿದ್ದು, 5.6ರಲ್ಲಿ ಪಾರ್ಸ್ ಎರರ್. ನಾನು ‘ಅಯ್ಯೋ ತೂತು’ ಅಂತ ಪ್ಯಾಚ್ ಹುಡ್ಕೋದು, ಅಲ್ಲಿ ತೂತಿರೋ ಕೋಡೇ 5.6ರಲ್ಲಿಲ್ಲ. ಇನ್ನೊಂದು ಎಕ್ಸಿಫ್‌ದೇ, ಟೆಸ್ಟಿನ ಜೊತೆ ಒಂದು ಜೆಪೆಗ್ ಬರತ್ತೆ, ಪ್ಯಾಚ್ ಕಮಾಂಡಿಗೆ ಗಿಟ್‌ನ ಬೈನರಿ ಡಿಫ್ ಗೊತ್ತಾಗಲ್ಲ, ಫೋಟೋನೇ ಇಲ್ದೆ ಟೆಸ್ಟ್ ಫೇಲು, ಪ್ಯಾಚ್ ಮೊದ್ಲೂ ಫೇಲು, ಆಮೇಲೂ ಫೇಲು. ಮೂರು ರಾತ್ರಿ ಹೋಯ್ತು. ಕೊನೆಗೆ ಎಕ್ಸಿಫ್ಫನ್ನೇ ಬಿಲ್ಡಿಂದ ಕಿತ್ತು ಹಾಕ್ದೆ, 2019ರ ಒಂದೇ ಮಾರ್ಚಲ್ಲಿ ಅದರಲ್ಲಿ ನಾಲ್ಕು ಸಿವಿಇ (ನಂಬರ್ ಕೊಟ್ಟು ಪಟ್ಟಿ ಮಾಡಿದ ಸೆಕ್ಯೂರಿಟಿ ತೂತು) ಬಂದಿದ್ವು, ಯಾವ ಕರ್ಮಕ್ಕೆ ಇಟ್ಕೊಳ್ಳೋದು. ಫೋಟೋ ಅಡ್ಡ ಬಂದ್ರೆ ಕ್ಲರ್ಕೇ ತಿರುಗಿಸ್ಕೊಳ್ಲಿ. ಫಾರ್‌ಗೂ (ಪಿಎಚ್‌ಪಿ ಫೈಲುಗಳನ್ನ ಒಂದೇ ಗಂಟು ಕಟ್ಟೋ ಭಾಗ) ಅದೇ ಗತಿ. 2023ರ ಫಾರ್ ಬಗ್ಗು, ಸಿವಿಇ-2023-3824, ನೆನಪಿದ್ಯಲ್ಲ. 2024 ಫೆಬ್ರವರಿಲಿ ಪೊಲೀಸ್ರು ಡೇಟಾಕ್ಕೆ ಬೀಗ ಹಾಕಿ ದುಡ್ಡು ಕೀಳೋ ಲಾಕ್‌ಬಿಟ್ ಗ್ಯಾಂಗಿನ ಸರ್ವರಿಗೆ ನುಗ್ಗಿದಾಗ, ಇದೇ ದಾರಿಲಿ ಬಂದಿರ್ಬೇಕು, ಪಿಎಚ್‌ಪಿ ಅಪ್ಡೇಟ್ ಮಾಡ್ದೆ ಉದಾಸೀನ ಮಾಡ್ದೆ ಅಂತ ಅವರ ಲೀಡರ್ರೇ ಬರ್ಕೊಂಡಿದ್ದ. ಕಳ್ಳರ ಮನೇಲೂ ಪ್ಯಾಚ್ ಬಾಕಿ. ಫಾರ್ ತೆಗೆದಿದ್ದಕ್ಕೆ ಇನ್ನೊಂದು ಲಾಭ, ಸ್ಯಾನಿಟೈಸರ್ ಬಿಲ್ಡ್ ಕೊನೇಲಿ ಫಾರ್ ಫೈಲ್ ಮಾಡೋಕೆ ಹೋಗಿ ಮೆಮರಿ ಲೀಕ್ ಅಂತ ಸಾಯ್ತಿತ್ತು, ಅದೂ ನಿಂತ್ಹೋಯ್ತು.

ಎಫ್‌ಪಿಎಂ (ವೆಬ್‌ಸರ್ವರಿಂದ ಬಂದ ರಿಕ್ವೆಸ್ಟಿಗೆ ಪಿಎಚ್‌ಪಿ ಓಡ್ಸೋ ಭಾಗ) ಕಡೆ ಬರೋಣ. ಸಿವಿಇ-2019-11043, ಎನ್‌ಜಿನ್‌ಎಕ್ಸ್ ವೆಬ್‌ಸರ್ವರ್ ಜೊತೆಗಿಂದು, ಯುಆರ್‌ಎಲ್ ಒಳಗೆ ಶೇಕಡಾ ಸೊನ್ನೆ ಎ (ಹೊಸ ಸಾಲಿನ ಗುರುತು) ತುರುಕಿದ್ರೆ ರೆಜೆಕ್ಸ್ ಮುರಿದು ಪಾತ್ ಇನ್ಫೋ ಖಾಲಿ ಹೋಗತ್ತೆ, ಒಳಗೆ ಉದ್ದದಿಂದ ಉದ್ದ ಕಳೆದು ಪಾಯಿಂಟರ್ ಬಫರಿಗಿಂತ ಹಿಂದಕ್ಕೆ ಜಾರತ್ತೆ. ಹೊರಗೆ ಬಂದಿದ್ದ ಎಕ್ಸ್‌ಪ್ಲಾಯಿಟ್ (ತೂತಲ್ಲಿ ನುಗ್ಗೋ ಕೋಡು) 7ಕ್ಕೆ ಮಾತ್ರ ಕೆಲ್ಸ ಮಾಡೋದು, ಬಗ್ಗು ಮಾತ್ರ 5ರಲ್ಲೂ ಇದೆ. ‘5.6ಕ್ಕೆ ಏನೂ ಆಗಲ್ಲ’ ಅಂತ ಒಬ್ರು ಬರ್ಕೊಟ್ರು, ನಾನು ಒಪ್ಪಲಿಲ್ಲ. ನನ್ನ ಕಾನ್ಫಿಗಲ್ಲೇ ಫೈಲ್ ಇದೆಯಾ ಅಂತ ನೋಡೋ ಟ್ರೈ ಫೈಲ್ಸ್ ಸಾಲು ಇರ್ಲಿಲ್ಲ, ಯಾವ್ದೋ ಕಾಲದಲ್ಲಿ ಕಾಪಿ ಹೊಡೆದಿದ್ದು. ಆ ಸಾಲು ಹಾಕೋಕೆ ಐದು ನಿಮಿಷ, ಪ್ಯಾಚಿಗೆ ಅರ್ಧ ಗಂಟೆ.

ನಿಜವಾಗಿ ಬೆವರಿಳಿಸಿದ್ದು ಸಿವಿಇ-2021-21703. ಎಫ್‌ಪಿಎಂನ ವರ್ಕರನ್ನ (ರಿಕ್ವೆಸ್ಟ್ ನೋಡ್ಕೊಳ್ಳೋ ಪ್ರೊಸೆಸ್) ಕೈಗೆ ತಗೊಂಡ ಕಳ್ಳ ಶೇರ್ಡ್ ಮೆಮರಿಲಿರೋ ಸ್ಕೋರ್‌ಬೋರ್ಡಿನ (ವರ್ಕರ್‌ಗಳ ಲೆಕ್ಕದ ಪಟ್ಟಿ) ಪಾಯಿಂಟರ್ ತಿದ್ದಿದ್ರೆ, ರೂಟಲ್ಲಿ, ಅಂದ್ರೆ ಪೂರ್ತಿ ಅಧಿಕಾರದಲ್ಲಿ, ಓಡೋ ಮಾಸ್ಟರ್ ಅವನು ಹೇಳಿದ ಜಾಗಕ್ಕೆ ಹೋಗಿ ಬರೆಯತ್ತೆ. ಫಿಕ್ಸು ಆ ಪಾಯಿಂಟರ್ ಸಾಲನ್ನೇ ತೆಗೆದು ಎಲ್ಲ ಒಂದೇ ಉದ್ದಾನೆ ಅರೇ ಮಾಡತ್ತೆ, ಹತ್ತು ಕಡೆ ಕೈ ಹಾಕ್ಬೇಕು, ಇದಕ್ಕೆ ಓಡ್ಸಿ ನೋಡೋ ಟೆಸ್ಟೂ ಇಲ್ಲ. ಜಿಡಿಬಿ ಡಿಬಗರಲ್ಲಿ ವರ್ಕರ್ ಹಿಡ್ಕೊಂಡು ನಾನೇ ಪಾಯಿಂಟರ್ ಕೆಡ್ಸಿ ಮಾಸ್ಟರ್ ಸಾಯತ್ತಾ ನೋಡ್ದೆ. ಸತ್ತಿತು. ಒಂಬತ್ತು ರಾತ್ರಿ ಆದ್ಮೇಲೆ ಸಾಯ್ಲಿಲ್ಲ.

ಈಗ ನನ್ನ ಅತಿ ಬುದ್ಧಿವಂತಿಕೆ ಕಥೆ. 2023 ಫೆಬ್ರವರಿದು, ಸಿವಿಇ-2023-0662, ಮಲ್ಟಿಪಾರ್ಟ್ ಫಾರ್ಮಲ್ಲಿ ಲೆಕ್ಕವಿಲ್ಲದಷ್ಟು ತುಂಡು ಕಳ್ಸಿ ಸಿಪಿಯು ತಿನ್ನೋದು. ಮಿತಿ ಹಾಕೋಕೆ ಹೊಸ ಐಎನ್‌ಐ (ಪಿಎಚ್‌ಪಿಯ ಕಾನ್ಫಿಗ್ ಫೈಲು) ಸೆಟ್ಟಿಂಗ್ ಬೇಕು. ನಾನು ಹಳೇ ಮ್ಯಾಕ್ಸ್ ಇನ್‌ಪುಟ್ ವಾರ್ಸ್ (ಫಾರ್ಮಿಂದ ಎಷ್ಟು ಇನ್‌ಪುಟ್ ತಗೋಬೇಕು ಅನ್ನೋ ಮಿತಿ) ನೋಡ್ಕೊಂಡು, ಅದರ ಪಕ್ಕದಲ್ಲೇ ಕೋರ್ ಗ್ಲೋಬಲ್ಸ್ ಸ್ಟ್ರಕ್ಚರಲ್ಲಿ ಒಂದು ಫೀಲ್ಡ್ ಸೇರಿಸ್ದೆ. ಕಂಪೈಲ್ ಆಯ್ತು, ಟೆಸ್ಟ್ ಹಸಿರು, ಆಪ್ ತೆಗೆದ್ರೆ ಸೆಗ್‌ಫಾಲ್ಟ್, ಪಿಎಚ್‌ಪಿನೇ ಸಾಯತ್ತೆ. ಎರಡು ದಿನ ತಲೆ ಕೆಟ್ಟು ಕೆರ ಹಿಡೀತು. ವಿಷಯ ಇಷ್ಟೇ, ಲೋಡರ್ ಬೈನರಿ, ಅದು ಹಳೇ ಅಳತೆ ನೆನಪಿಟ್ಕೊಂಡು ಬಂದಿದೆ, ಮಧ್ಯ ಒಂದು ಫೀಲ್ಡ್ ಬಂದ್ರೆ ಮುಂದಿನದೆಲ್ಲ ಒಂದು ಮನೆ ಸರ್ದಂಗೆ. ಆಮೇಲೆ ಒರಿಜಿನಲ್ ಫಿಕ್ಸ್ ಸರಿಯಾಗಿ ಓದಿದ್ರೆ, ಅವರು ಸ್ಟ್ರಕ್ಚರ್ ಮುಟ್ಟೇ ಇಲ್ಲ, ಐಎನ್‌ಐಯಿಂದ ನೇರ ಓದಿದಾರೆ, ಮೈನಸ್ ಒಂದಿದ್ರೆ ಇನ್‌ಪುಟ್ ವಾರ್ಸು ಫೈಲ್ ಅಪ್‌ಲೋಡು ಎರಡೂ ಕೂಡ್ಸಿ ಮಿತಿ. ಕಾಪಿ ಹೊಡೆದಿದ್ರೆ ಎರಡು ದಿನ ಉಳೀತಿತ್ತು. ಆದ್ರೆ ಫಿಕ್ಸ್ ಮಾಡೋಕೆ ಹೋಗಿ ಕೆಡ್ಸಿದವನು ನಾನೊಬ್ನೇ ಅಲ್ಲ ಅಂತ ಸಮಾಧಾನ. 2011ರ ಕೊನೇಲಿ ಹ್ಯಾಶ್ ಡಿಕ್ಕಿ ದಾಳಿ ಬಂದಾಗ 5.3.9ರಲ್ಲಿ ಇದೇ ಇನ್‌ಪುಟ್ ವಾರ್ಸ್ ಮಿತಿ ತಂದ್ರಲ್ಲ, ಆ ಫಿಕ್ಸಲ್ಲೇ ರಿಮೋಟ್ ಕೋಡ್ ಓಡ್ಸೋ ತೂತಿತ್ತು, 5.3.10 ಅದಕ್ಕೇ ಬಂದಿದ್ದು.

ಲೋಡರ್ ಇನ್ನೊಂದು ಕಾಟ ಕೊಟ್ಟಿದೆ. ಡಿಬಗ್ ಆನ್ ಮಾಡಿ ಕಟ್ಟಿದ್ರೆ ಅದು ಒಳಗೇ ಬರಲ್ಲ, ಬಿಲ್ಡ್ ಐಡಿ ಬೇರೆ ಅನ್ನತ್ತೆ. ಡಿಬಗ್ ಬಿಟ್ಟು ಬರೀ ಸಿಂಬಲ್ ಇಟ್ಕೊಂಡು ಸ್ಯಾನಿಟೈಸರ್ ಹಾಕಿ, ಒಪ್ಕೊಳತ್ತೆ. ಕಂಪೈಲ್ ಮಾಡುವಾಗ ಕರ್ಲ್ ಸಿಗ್ತಿಲ್ಲ, ಫ್ರೀಟೈಪ್ ಕಾನ್ಫಿಗ್ ಇಲ್ಲ ಅಂತ ಬಂದ್ರೆ ಸಿಮ್‌ಲಿಂಕ್ ಹೊಡೀರಿ. ಓಪನ್‌ಎಸ್‌ಎಸ್‌ಎಲ್ (ಎಚ್‌ಟಿಟಿಪಿಎಸ್‌ಗೆ ಬೇಕಾದ ಲೈಬ್ರರಿ) ಮಾತ್ರ ಯೋಚ್ನೆ ಮಾಡಿ. 5.6ಕ್ಕೆ 1.0.2 ಬೇಕು, ಅದೂ 2019ಕ್ಕೇ ಸತ್ತಿದೆ, ತೂತು ಮುಚ್ಚೋಕೆ ಇನ್ನೊಂದು ತೂತು ತರೋದ್ಯಾಕೆ ಅಂತ ಓಪನ್‌ಎಸ್‌ಎಸ್‌ಎಲ್ ಎಕ್ಸ್‌ಟೆನ್ಷನ್ನೇ ಬಿಟ್ಟೆ. ಹೊರಗಿನ ಎಚ್‌ಟಿಟಿಪಿಎಸ್ ಎನ್‌ಜಿನ್‌ಎಕ್ಸ್ ನೋಡ್ಕೊಳತ್ತೆ, ಎಸ್ಸೆಮ್ಮೆಸ್ ಗೇಟ್‌ವೇಗೆ ಹೋಗೋದು ಸಿಸ್ಟಮ್ಮಿನ ಕರ್ಲ್‌ನಿಂದ.

ದುಡ್ಡಿನ ವಿಷಯ. ಮೊದ್ಲು ಕ್ಲೌಡಲ್ಲಿ 32 ಕೋರಿನ ಮಷಿನ್ ತಗೊಂಡೆ, ಗೌರಿ-ಗಣೇಶಕ್ಕೆ ಊರಿಗೆ ಹೋಗ್ವಾಗ ಆಫ್ ಮಾಡೋದು ಮರ್ತೆ, ಬಂದು ನೋಡಿದ್ರೆ ಇಪ್ಪತ್ಮೂರು ಸಾವ್ರ ಚಿಲ್ಲರೆ. ಕಡುಬು ಅಷ್ಟು ದುಬಾರಿ ಯಾವತ್ತೂ ಆಗಿರ್ಲಿಲ್ಲ. ಆಮೇಲೆ ಬೆಂಗಳೂರಿನ ಎಸ್‌ಪಿ ರೋಡಲ್ಲಿ ಸೆಕೆಂಡ್ ಹ್ಯಾಂಡ್ ವರ್ಕ್‌ಸ್ಟೇಷನ್ ಹಿಡ್ದೆ, 12 ಕೋರು, 64 ಜಿಬಿ, ನಲವತ್ತೊಂದೋ ನಲವತ್ತೆರಡೋ ಸಾವ್ರ, ಎಸ್‌ಎಸ್‌ಡಿ ಬೇರೆ. ಕರೆಂಟ್ ಬಿಲ್ಲು ತಿಂಗಳಿಗೆ ಸಾವಿರದ ಮುನ್ನೂರು ಹೆಚ್ಚಾಯ್ತು, ಮನೇಲಿ ‘ಏನ್ರೀ ಅದು ರಾತ್ರಿಯೆಲ್ಲ ಗುಂಯ್ ಅನ್ನತ್ತೆ’ ಅಂತ ಶುರು. ನನ್ನ ಗಂಟೆಗಳು ಒಂದು ಇನ್ನೂರಿಪ್ಪತ್ತು ಆಗಿರ್ಬೇಕು. ಸಹಕಾರಿಯವರು ಒಟ್ಟಿಗೆ ಒಂದು ಲಕ್ಷದ ಹತ್ರ ಕೊಟ್ರು, ಈಗ ತಿಂಗಳಿಗೆ ಒಂಬತ್ತು ಸಾವ್ರ. ಹದಿನಾಲ್ಕು ಲಕ್ಷದ ಮುಂದೆ ಇಟ್ಟು ನೋಡಿ.

ಮಧ್ಯ ಚಟಕ್ಕೆ ಮಾಡಿದ್ದೂ ಇದೆ. ಎಎಫ್‌ಎಲ್ (ಯದ್ವಾತದ್ವಾ ಇನ್‌ಪುಟ್ ತುರುಕಿ ಕ್ರ್ಯಾಶ್ ಹುಡ್ಕೋ ಸಾಧನ) ಹಾಕಿ ಅನ್‌ಸೀರಿಯಲೈಸನ್ನ (ಅಕ್ಷರ ಮಾಡಿಟ್ಟ ಡೇಟಾನ ಮತ್ತೆ ಬಿಚ್ಚೋ ಫಂಕ್ಷನ್) ಮೂರು ವಾರ ಕುಟ್ಟಿದೆ, ಒಂದು ಕ್ರ್ಯಾಶ್ ಸಿಕ್ತು, ಎದೆ ಉಬ್ಬಿಸ್ಕೊಂಡು ನೋಡಿದ್ರೆ 7ರಲ್ಲಿ ಎಂದೋ ಮುಚ್ಚಿದಾರೆ. ಮುಚ್ಚದಿದ್ರೂ ಅಷ್ಟೇ, ಅನ್‌ಸೀರಿಯಲೈಸ್ ಬಗ್ಗನ್ನ ಪಿಎಚ್‌ಪಿಯವರು 2017ರಿಂದ ಸೆಕ್ಯೂರಿಟಿ ಬಗ್ ಅಂತ ಲೆಕ್ಕ ಹಿಡಿಯಲ್ಲ. ಇನ್ನೊಂದು ವಿಂಡೋಸ್‌ದು. 2024 ಜೂನಲ್ಲಿ ತೈವಾನಿನ ಸೆಕ್ಯೂರಿಟಿ ಸಂಶೋಧಕ ಆರೆಂಜ್ ತ್ಸಾಯ್ ಹೊರಗೆ ತಂದ ಸಿವಿಇ-2024-4577, ಕಣ್ಣಿಗೆ ಕಾಣದ ಸಾಫ್ಟ್ ಹೈಫನ್ ಕಳ್ಸಿದ್ರೆ ವಿಂಡೋಸ್ ಅದನ್ನ ಮಾಮೂಲಿ ಹೈಫನ್ ಮಾಡಿ ಪಿಎಚ್‌ಪಿ-ಸಿಜಿಐಗೆ (ವೆಬ್‌ಸರ್ವರಿಂದ ಪಿಎಚ್‌ಪಿ ಓಡ್ಸೋ ಹಳೇ ದಾರಿ) ಕೊಡತ್ತೆ, ಅದು ಕಮಾಂಡಿನ ಆಪ್ಷನ್ ಅಂದ್ಕೊಳತ್ತೆ. 2012ರಲ್ಲಿ ಮುಚ್ಚಿದ್ದ ಬಾಗಿಲು ಇನ್ನೊಂದು ಕೀಲಿಗೆ ತೆಗೀತು. ಆ 2012ರ ಬಗ್ಗು ಸಿಕ್ಕಿದ್ದು ನಮ್ಮ ದೇಶದ ಸೆಕ್ಯೂರಿಟಿ ಸಮ್ಮೇಳನ ನಲ್‌ಕಾನ್‌ನ ಸಿಟಿಎಫ್ (ಹ್ಯಾಕಿಂಗ್ ಸ್ಪರ್ಧೆ) ಆಡುವಾಗ, ಇದು ಸುಮಾರು ಜನಕ್ಕೆ ಗೊತ್ತಿಲ್ಲ. ವರ್ಚುವಲ್ ಮಷಿನಲ್ಲಿ ಜಾಂಪ್ (ಅಪಾಚೆ, ಪಿಎಚ್‌ಪಿ ಒಟ್ಟಿಗೆ ಬರೋ ಕಟ್ಟು) ಹಾಕಿ ಸಿಸ್ಟಮ್ ಲೊಕೇಲ್ ಜಪಾನೀಸ್ ಇಟ್ರೆ ಒಂದೇ ಏಟಿಗೆ ಬಂತು, ಇಂಗ್ಲಿಷ್ ಇಟ್ರೆ ನನಗೆ ಬರ್ಲಿಲ್ಲ. ಕನ್ನಡ ಇಟ್ಟು ನೋಡೋಣ ಅಂದ್ರೆ ವಿಂಡೋಸಲ್ಲಿ ಕನ್ನಡ ಲೊಕೇಲಿಗೆ ತನ್ನದೇ ಆನ್ಸಿ ಕೋಡ್‌ಪೇಜೇ (ಹಳೇ ಅಕ್ಷರ ಪಟ್ಟಿ) ಇಲ್ಲ, ಬರೀ ಯುನಿಕೋಡ್. ಒಂದ್ಸಲನಾದ್ರೂ ಇಲ್ಲದ್ದೇ ಒಳ್ಳೇದಾಯ್ತು.

ಲೈವ್ ಮಾಡಿದ್ದು ಒಂದು ಬ್ರಾಂಚಿಗೆ ಮೊದ್ಲು. ಎರಡನೇ ದಿನ ಬೆಳಗ್ಗೆ ಹತ್ತಕ್ಕೆ ಸೆಕ್ರೆಟರಿ ಫೋನು, ‘ಲೆಕ್ಕ ಕೂಡ್ತಿಲ್ಲಪ್ಪ, ಮೂರು ಸಾವ್ರದ ನಾನೂರು ವ್ಯತ್ಯಾಸ’. ಕೈಕಾಲು ತಣ್ಣಗಾಯ್ತು. ಪ್ಯಾಚುಗಳನ್ನೆಲ್ಲ ಒಂದೊಂದಾಗಿ ಅನುಮಾನ ಪಟ್ಟೆ. ಕೊನೆಗೆ ನೋಡಿದ್ರೆ, ಹೊಸ ಪ್ರಿಫಿಕ್ಸಲ್ಲಿ (ಬೇರೆ ಫೋಲ್ಡರಲ್ಲಿ) ಕಟ್ಟಿದ್ರಿಂದ ಅದು ಪಿಎಚ್‌ಪಿ ಐಎನ್‌ಐನ ಬೇರೆ ಜಾಗದಲ್ಲಿ ಹುಡುಕ್ತಿದೆ, ನಾನು ಚಾರ್‌ಸೆಟ್ಟು ಎಫ್‌ಪಿಎಂನ ಪೂಲ್ ಫೈಲಲ್ಲಿ ಹಾಕಿದ್ದೆ, ಟೈಮ್‌ಜೋನ್ ಹಾಕಿರ್ಲಿಲ್ಲ, ಯುಟಿಸಿ ಆಗಿದೆ, ನಮಗಿಂತ ಐದೂವರೆ ಗಂಟೆ ಹಿಂದೆ. ತರಕಾರಿ ಮಂಡಿಯ ಏಜೆಂಟ್ ಒಬ್ರು ಬೆಳಗಿನ ಜಾವ ಐದಕ್ಕೇ ಎಂಟ್ರಿ ಹೊಡೀತಾರೆ, ಐದೂವರೆಗೆ ಮುಂಚಿನದೆಲ್ಲ ಹಿಂದಿನ ದಿನಕ್ಕೆ ಬಿದ್ದಿದೆ. ತೂತು ಮುಚ್ಚೋ ಕೆಲಸದಲ್ಲಿ ನನ್ನ ಮಾನ ಹೋಗಿದ್ದು ತಾರೀಖಿಂದ. ಅವತ್ತಿಂದ ಒಂದು ದಿನದ ರಿಕ್ವೆಸ್ಟುಗಳನ್ನೆಲ್ಲ ಕಾಪಿ ಡೇಟಾಬೇಸ್ ಮೇಲೆ ಮತ್ತೆ ಓಡ್ಸಿ, ಸಂಜೆ ಪಿಗ್ಮಿ ಶೀಟು ಪೈಸೆಗೆ ಪೈಸೆ ಕೂಡಿದ್ರೆ ಮಾತ್ರ ಲೈವ್. ಗಡಿಯಾರ, ಸೆಷನ್ನು, ರಶೀದಿ ನಂಬರ್ ಇವನ್ನ ಹೇಗೆ ಹೊಂದಿಸ್ತೀನಿ ಅಂತ ಕೇಳ್ಬೇಡಿ, ನನ್ನ ಒಂಬತ್ತು ಸಾವ್ರ ಅದರ ಮೇಲೇ ನಿಂತಿದೆ. 7ರ ಟೆಸ್ಟನ್ನ 5.6ರ ಭಾಷೆಗೆ ಇಳ್ಸೋ ಸ್ಕ್ರಿಪ್ಟೂ ಕೊಡಲ್ಲ, ಬರೆದ್ಕೊಳ್ಳಿ, ಒಂದು ಭಾನುವಾರದ ಕೆಲಸ.

ಈ ವರ್ಷದ ಆಡಿಟ್ಟಿಗೆ ಬಂದ ಹುಡುಗ ಸ್ಕ್ಯಾನರ್ ಓಡ್ಸಿದ, ಅದು 5.6.40 ಅನ್ನೋ ಹೆಸರು ನೋಡಿದ್ದೇ ಮತ್ತೆ ಪೂರ್ತಿ ಕೆಂಪು. ‘ಸರ್, ವರ್ಷನ್ ಹೈಡ್ ಮಾಡ್ಬಿಡಿ, ರಿಪೋರ್ಟ್ ಕ್ಲೀನ್ ಆಗತ್ತೆ’ ಅಂದ! ನಾನು ಹೈಡ್ ಮಾಡ್ಲಿಲ್ಲ. ಒಂದೊಂದು ಸಿವಿಇಗೂ ಒಂದು ಹಾಳೆ, ಎಡಗಡೆ ಪ್ಯಾಚಿಗೆ ಮೊದ್ಲಿನ ಸ್ಯಾನಿಟೈಸರ್ ಲಾಗು, ಬಲಗಡೆ ಆಮೇಲಿಂದು, ನಲವತ್ತಾರೋ ನಲವತ್ತೇಳೋ ಹಾಳೆ ಸ್ಪೈರಲ್ ಬೈಂಡ್ ಮಾಡ್ಸಿ ಮುಂದಿಟ್ಟೆ. ಅವನು ಅವರ ಸೀನಿಯರಿಗೆ ಫೋನ್ ಹಚ್ಚಿದ, ಅವರು ಮೂರು ಸಿವಿಇ ಆರಿಸಿ ‘ನಮ್ಮೆದುರೇ ಓಡ್ಸಿ ತೋರ್ಸಿ’ ಅಂದ್ರು. ಎರಡು ತಕ್ಷಣ ಹಸಿರು. ಮೂರನೇದು ಎಕ್ಸಿಫ್‌ದು, ‘ಸ್ಕಿಪ್’ ಅಂತ ಬಂತು. ಎಕ್ಸಿಫ್ ಎಲ್ಲಿ ಅಂತ ಕೇಳಿದ್ರು, ಕಿತ್ತು ಹಾಕಿದೀನಿ ಸರ್ ಅಂದೆ. ಫೋನಲ್ಲಿ ನಕ್ಕಿದ್ದು ಕೇಳಿಸ್ತು. ಮುಂದಿನ ಮಾರ್ಚ್‌ವರೆಗೆ ನಡೀಲಿ ಅಂತ ಬರ್ಕೊಟ್ರು.