ತೀರ್ಮಾನ ಆಗಿದೆಯಾ, ಇನ್ನೂ ಆಗಿಲ್ಲವಾ?

ನಾನು ಜರ್ಮನಿಯ ಸ್ಟುಟ್‌ಗಾರ್ಟ್ ಹತ್ತಿರ ಒಂದು ದೊಡ್ಡ ಕಂಪನಿಯಲ್ಲಿ ಟೆಸ್ಟಿಂಗ್ ಎಂಜಿನಿಯರ್. ಊರು ತಿಪಟೂರು. 2022ರಲ್ಲಿ ನಮ್ಮ ಆಫೀಸಲ್ಲಿ ಬೆಟ್ರೀಪ್ಸ್‌ರಾಟ್ ಚುನಾವಣೆ ಬಂತು. ಅಂದರೆ ನೌಕರರೇ ವೋಟು ಹಾಕಿ ಆರಿಸುವ ಸಮಿತಿ. ಯೂನಿಯನ್ ಅಲ್ಲ, ಅದು ಬೇರೆ. ಐದು ಜನ ಕೆಲಸಗಾರರಿದ್ದರೂ ಈ ಸಮಿತಿ ಮಾಡಿಕೊಳ್ಳಬಹುದು, ನಾಲ್ಕು ವರ್ಷಕ್ಕೊಮ್ಮೆ ಚುನಾವಣೆ. ನಿಮ್ಮದು ಯಾವ ದೇಶದ ಪಾಸ್‌ಪೋರ್ಟ್ ಅಂತ ಯಾರೂ ಕೇಳಲ್ಲ, ಆರು ತಿಂಗಳು ಕೆಲಸ ಮಾಡಿದ್ದರೆ ನಿಲ್ಲಬಹುದು. ಪಕ್ಕದ ಮೇಜಿನವಳು "ಕ್ಯಾಂಟೀನಲ್ಲಿ ದಿನಾ ಗೊಣಗ್ತೀಯಲ್ಲ, ನಿಂತ್ಕೋ" ಅಂದಳು. ನಿಂತೆ, ಹೇಗೋ ಗೆದ್ದೆ.

ಮೊದಲ ವರ್ಷ ರಜೆ ಪಟ್ಟಿ, ಓವರ್‌ಟೈಮ್, ಮನೆಯಿಂದ ಕೆಲಸ ಇಷ್ಟರಲ್ಲೇ ಕಳೆಯಿತು. ಆಮೇಲೆ ಯುರೋಪಿಯನ್ ವರ್ಕ್ಸ್ ಕೌನ್ಸಿಲ್‌ಗೆ, ಅಂದರೆ ಒಂದೇ ಕಂಪನಿಯ ಬೇರೆ ಬೇರೆ ದೇಶಗಳ ನೌಕರರ ಪ್ರತಿನಿಧಿಗಳು ಆಡಳಿತದವರ ಜೊತೆ ಕೂರುವ ಸಮಿತಿಗೆ, ನಮ್ಮ ಕಡೆಯಿಂದ ಒಬ್ಬರು ಹೋಗಬೇಕು ಅಂದಾಗ ಎಲ್ಲರೂ ನನ್ನ ಕಡೆ ನೋಡಿದರು. ಕಾರಣ ಏನೂ ದೊಡ್ಡದಲ್ಲ, ನನ್ನ ಇಂಗ್ಲಿಷ್ ಪರವಾಗಿಲ್ಲ ಅಂತ ಅಷ್ಟೇ.

ಈ ಕೌನ್ಸಿಲ್ಲಿಗೆ 1994ರಲ್ಲಿ ಯುರೋಪಿನ ನಿಯಮ ಬಂತು, 2009ರಲ್ಲಿ ಅದನ್ನು ತಿದ್ದಿ ಬರೆದರು. ಕಂಪನಿಗೆ ಯುರೋಪಿನಲ್ಲಿ ಕನಿಷ್ಠ 1000 ನೌಕರರಿರಬೇಕು, ಎರಡು ದೇಶಗಳಲ್ಲಾದರೂ ತಲಾ 150 ಇರಬೇಕು. ಆದರೆ ಅಷ್ಟಿದ್ದರೂ ಇದು ತಾನಾಗಿ ಹುಟ್ಟುವುದಿಲ್ಲ. ಆಡಳಿತದವರೇ ಶುರು ಮಾಡಬೇಕು, ಇಲ್ಲಾ ಎರಡು ದೇಶಗಳಿಂದ ಸೇರಿ 100 ಜನ ನೌಕರರೋ ಅವರ ಪ್ರತಿನಿಧಿಗಳೋ ಬರೆದು ಕೇಳಬೇಕು. ಕೇಳದೆ ಕೂತ ಕಂಪನಿಗಳು ಬೇಕಾದಷ್ಟಿವೆ.

ಮೊದಲ ಸಭೆಗೆ ಹೋದಾಗ ಹಿಂದೆ ಗಾಜಿನ ಗೂಡುಗಳಲ್ಲಿ ಅನುವಾದಕರು, ಎಲ್ಲರ ಕಿವಿಗೂ ಹೆಡ್‌ಫೋನ್. ಒಬ್ಬರು ಜೋಕ್ ಹೇಳಿದರೆ ನಗು ಮೂರು ಕಂತಿನಲ್ಲಿ ಬರುತ್ತದೆ. ಆಡಳಿತದವರು ಬರುವುದು ಎರಡನೇ ದಿನ. ಮೊದಲ ದಿನ ನಾವು ನಾವೇ. ಇದು ಸುಮ್ನೆ ಪರಿಚಯಕ್ಕೆ ಅಂದುಕೊಂಡಿದ್ದೆ, ನಿಜವಾದ ಕೆಲಸ ಆಗುವುದು ಅವತ್ತೇ. ತೀರ್ಮಾನಕ್ಕೆ ಮುಂಚೆ ಆಡಳಿತದವರು ನಮ್ಮ ಮಾತು ಕೇಳುವುದಕ್ಕೆ 'ಸಮಾಲೋಚನೆ' ಅನ್ನುತ್ತಾರೆ, ಆದರೆ ಆ ಪದಕ್ಕೆ ಮೇಜಿನ ಸುತ್ತ ಒಬ್ಬೊಬ್ಬರದು ಒಂದೊಂದು ಅರ್ಥ. ಡಚ್ ಹೆಂಗಸಿನ ಪ್ರಕಾರ ದೊಡ್ಡ ಬದಲಾವಣೆಗೆ ಮುಂಚೆ ಸಮಿತಿಯ ಅಭಿಪ್ರಾಯ ಕೇಳಲೇಬೇಕು, ಕೇಳದಿದ್ದರೆ ಆಮ್‌ಸ್ಟರ್‌ಡ್ಯಾಮ್ ಕೋರ್ಟು. ಫ್ರಾನ್ಸಿನಲ್ಲಿ ಸಮಿತಿಯ ಅಧ್ಯಕ್ಷ ಸ್ವತಃ ಬಾಸ್! ಸ್ವೀಡನ್ನಿನವನಿಗೆ ನಮ್ಮಂಥ ಸಮಿತಿಯೇ ಇಲ್ಲ, ಅಲ್ಲಿ ಎಲ್ಲಾ ಯೂನಿಯನ್ನೇ.

ಬೆಲ್ಜಿಯಂನ ಹಿರಿಯರೊಬ್ಬರು ಊಟದ ಹೊತ್ತಿಗೆ ವಿಲ್ವೋರ್ಡೆ ಕತೆ ಹೇಳಿದರು. 1997ರ ಫೆಬ್ರವರಿಯಲ್ಲಿ ರೆನೋ ಕಂಪನಿ ಅಲ್ಲಿನ ಕಾರ್ ಫ್ಯಾಕ್ಟರಿ ಮುಚ್ಚುತ್ತೇವೆ ಅಂತ ಇದ್ದಕ್ಕಿದ್ದಂತೆ ಘೋಷಿಸಿತು. ಸುಮಾರು 3,100 ಜನರ ಕೆಲಸ. ಮೊದಲು ನೌಕರರ ಜೊತೆ ಮಾತಾಡಬೇಕಿತ್ತು, ಮಾಡಿದ್ದು ತಪ್ಪು ಅಂತ ಬೆಲ್ಜಿಯಂ, ಫ್ರಾನ್ಸ್ ಎರಡೂ ಕಡೆ ಕೋರ್ಟುಗಳು ಹೇಳಿದವು. ಫ್ಯಾಕ್ಟರಿ ಮಾತ್ರ ಅದೇ ವರ್ಷ ಮುಚ್ಚಿತು. "ಮತ್ತೆ ಏನು ಪ್ರಯೋಜನ?" ಅಂದೆ. ಅವರು ಸೂಪ್ ಕುಡಿಯುತ್ತಾ "ನಾಳೆ ಸ್ಲೈಡುಗಳಲ್ಲಿ ತಾರೀಖು ನೋಡ್ತಾ ಇರು" ಅಂದರು.

ಅದು ಅರ್ಥವಾಗಿದ್ದು ಒಂದೂವರೆ ವರ್ಷದ ನಂತರ. ಜರ್ಮನಿ, ಪೋಲೆಂಡಿನ ಟೆಸ್ಟಿಂಗ್ ಕೆಲಸ ಬೆಂಗಳೂರಿಗೆ ಹೋಗುವ ಮಾತು ಬಂತು. ಸಭೆಯಲ್ಲಿ ತೋರಿಸಿದ ಸ್ಲೈಡಿನಲ್ಲಿ 'ಪರಿಶೀಲನೆಯಲ್ಲಿದೆ' ಅಂತ ಬರೆದಿತ್ತು. ಕೋಣೆಯಲ್ಲಿದ್ದ ಒಬ್ಬನೇ ಕನ್ನಡಿಗ ನಾನು. ಪೋಲೆಂಡಿನವನು ನನ್ನನ್ನು ನೋಡಿದ ರೀತಿ ಇನ್ನೂ ನೆನಪಿದೆ.

ತಮಾಷೆ ಏನೆಂದರೆ ಅದಕ್ಕೆ ವಾರದ ಹಿಂದೆಯೇ ನಮ್ಮ ಬೆಂಗಳೂರು ಆಫೀಸಿನ ಗೆಳೆಯ ಫೋನ್ ಮಾಡಿದ್ದ. "ಲೋ, ನಿಮ್ಮ ಕೆಲಸ ಎಲ್ಲಾ ಇಲ್ಲಿಗೆ ಬರ್ತಿದ್ಯಂತಲ್ಲೋ, ಇಲ್ಲಿ ಇಂಟರ್‌ವ್ಯೂ ಶುರುವಾಗಿದೆ." ಅವನ ಹೆಸರು ಎತ್ತಿದರೆ ಅವನಿಗೆ ಕುತ್ತು. ಹಾಗಾಗಿ ಕಂಪನಿಯದೇ ನೌಕರಿ ಜಾಹೀರಾತು ಹುಡುಕಿದೆ. ಸಿಕ್ಕಿತು. ಬೆಂಗಳೂರು, ಅದೇ ಟೂಲ್, ಅದೇ ಪ್ರಾಡಕ್ಟ್, ಹಾಕಿದ ತಾರೀಖು ಸಭೆಗೆ 19 ದಿನ ಮುಂಚೆ. ಪ್ರಿಂಟ್ ತೆಗೆದು ಫೈಲಿನಲ್ಲಿಟ್ಟುಕೊಂಡಿದ್ದೆ.

ಸ್ಲೈಡು ಮುಗಿದ ಮೇಲೆ ಕೇಳಿದೆ: "ತೀರ್ಮಾನ ಆಗಿದೆಯಾ, ಇನ್ನೂ ಆಗಿಲ್ಲವಾ?" "ಇನ್ನೂ ಆಗಿಲ್ಲ." "ಇದನ್ನು ನಡಾವಳಿಯಲ್ಲಿ ಬರೆಸಿ." ಬರೆಸಿದರು. ಆಮೇಲೆ ಪ್ರಿಂಟ್ ಮೇಜಿನ ಮೇಲೆ ಇಟ್ಟೆ. ಅನುವಾದಕರೂ ಮಾತು ನಿಲ್ಲಿಸಿದ್ದರಿಂದ ಹೆಡ್‌ಫೋನಿನಲ್ಲಿ ಬರೀ ಗಾಳಿ ಸದ್ದು.

ಅವತ್ತು ಸಂಜೆಯೊಳಗೆ ನಮ್ಮ ಅಭಿಪ್ರಾಯ ಕೊಡಿ ಅಂತ ಒತ್ತಾಯ ಮಾಡಿದರು. ಹೊಸಬರು ಬೀಳುವುದು ಇಲ್ಲೇ. ಅಭಿಪ್ರಾಯ ಕೊಟ್ಟ ಕೂಡಲೇ 'ಸಮಾಲೋಚನೆ ಮುಗಿಯಿತು' ಅಂತ ಅವರು ಫೈಲ್ ಮುಚ್ಚಬಹುದು. ನಾವು ಕೊಡಲಿಲ್ಲ. 31 ಪ್ರಶ್ನೆ ಬರೆದು ಕೊಟ್ಟೆವು, ಲೆಕ್ಕಪತ್ರ ಓದಲು ಒಬ್ಬ ತಜ್ಞರನ್ನು ಕೇಳಿದೆವು. ಖರ್ಚು ಕಂಪನಿಯದೇ. ಏಳು ವಾರ ಸಿಕ್ಕಿತು.

ಯೋಜನೆ ನಿಲ್ಲಲಿಲ್ಲ, ನಿಲ್ಲಿಸುವ ಅಧಿಕಾರ ಈ ಕೌನ್ಸಿಲ್ಲಿಗೆ ಇಲ್ಲ. ಆದರೆ ಆ ಏಳು ವಾರದಲ್ಲಿ ಜರ್ಮನಿಯ ಸಮಿತಿ ಪರಿಹಾರದ ಒಪ್ಪಂದಕ್ಕೆ ತಯಾರಾಯಿತು, ಪೋಲೆಂಡಿನ ಯೂನಿಯನ್ನಿಗೂ ಅದೇ ಅಂಕಿಅಂಶ ಕೈಗೆ ಬಂತು. ಮೊದಲೆಲ್ಲಾ ಒಂದೊಂದು ದೇಶಕ್ಕೆ ಒಂದೊಂದು ಕತೆ ಹೇಳುತ್ತಿದ್ದರು. ಪೋಲೆಂಡಿನವನು ಕೊನೆಗೆ ನನಗೆ ಕಾಫಿ ಕೊಡಿಸಿದ.

ಈ ನಡುವೆ ಗೆಳೆಯ ಮೂರು ಸಲ ಫೋನ್ ಮಾಡಿದ. ಸ್ಲೈಡುಗಳ ಮೇಲೆ ಗೌಪ್ಯ ಅಂತ ಮುದ್ರೆ ಇತ್ತು, ಬಾಯಿ ಬಿಡುವ ಹಾಗಿರಲಿಲ್ಲ. ಕ್ರಿಕೆಟ್ ಮಾತಾಡಿದೆ. ಅವನಿಗೆ ಬೇಜಾರಾಯಿತು, ನನಗೆ ಇನ್ನೂ ಜಾಸ್ತಿ. ಎಲ್ಲಾ ಹೊರಗೆ ಬಂದ ಮೇಲೆ ಅವನು ಕೇಳಿದ್ದು ಒಂದೇ: "ನಾಳೆ ಇದೇ ಕೆಲಸ ಇಲ್ಲಿಂದ ಇನ್ನೆಲ್ಲಿಗೋ ಹೋದ್ರೆ ನಮ್ಮನ್ನ ಯಾರು ಕರೆದು ಹೇಳ್ತಾರೆ?"

ಮುಂದಿನ ಸಭೆಗೆ ಬೆಂಗಳೂರಿನಿಂದ ಒಬ್ಬರನ್ನು ಅತಿಥಿಯಾಗಿ ಕರೆಯೋಣ ಅಂತ ಬರೆದು ಕೊಟ್ಟಿದ್ದೇನೆ. ಎಚ್‌ಆರ್‌ನವರು "ನೋಡೋಣ" ಅಂದಿದ್ದಾರೆ. ಅದನ್ನೂ ನಡಾವಳಿಯಲ್ಲಿ ಬರೆಸಿದ್ದೇನೆ, ತಾರೀಖು ಸಮೇತ.