ಖಾಲಿ ಸೆಲ್‌ಗೂ ಕರೆಂಟ್ ಕೊಟ್ಟ ಮೇಲೇನೇ ಲೆಕ್ಕ ಕೂಡಿತು

ಡಿಫರೆನ್ಷಿಯಲ್ ಕ್ಯಾಲೋರಿಮೀಟರ್ ಅಂದ್ರೆ ನ್ಯೂಕ್ಲಿಯರ್ ರಿಯಾಕ್ಟರ್ ಒಳಗೆ ವಸ್ತುವಿಗೆ ಎಷ್ಟು ಶಾಖ ಬೀಳುತ್ತೆ ಅಂತ ಅಳೆಯೋ ಸಾಧನ: ಒಂದೇ ಥರದ ಎರಡು ಸ್ಟೀಲ್ ಸೆಲ್, ಒಂದರಲ್ಲಿ ಗ್ರಾಫೈಟ್, ಇನ್ನೊಂದು ಖಾಲಿ, ಎರಡರ ಟೆಂಪರೇಚರ್ ವ್ಯತ್ಯಾಸದಿಂದ ಗ್ರಾಫೈಟ್‌ಗೆ ಬಿದ್ದ ಶಾಖದ ಲೆಕ್ಕ. ಅದನ್ನ ಲ್ಯಾಬ್ ಬೆಂಚ್ ಮೇಲೆ ಕ್ಯಾಲಿಬ್ರೇಟ್ ಮಾಡೋವಾಗ, ಅಂದ್ರೆ ಗೊತ್ತಿರೋ ಪವರ್‌ಗೆ ಎಷ್ಟು ವ್ಯತ್ಯಾಸ ಬರುತ್ತೆ ಅಂತ ನೋಡೋವಾಗ, ಗ್ರಾಫೈಟ್ ಇರೋ ಸೆಲ್‌ನ ಹೀಟರ್‌ಗೆ ಮಾತ್ರ ಕರೆಂಟ್ ಕೊಡೋದು ಎಲ್ಲರ ರೂಢಿ. ಖಾಲಿ ಸೆಲ್‌ಗೂ ಕೊಡೋಣ ಅಂದಾಗ "ಅದ್ಯಾಕೆ, ಸುಮ್ನೆ ಟೈಮ್ ವೇಸ್ಟ್" ಅಂದೋರೇ ಜಾಸ್ತಿ. ಈಗ ರಿಸಲ್ಟ್ ಕೈಲಿದೆ, ಅದಕ್ಕೇ ಬರೀತಿದೀನಿ.

ಹಳೇ ರೀತೀಲಿ ನನಗೆ ಒಂದು ವ್ಯಾಟ್‌ಗೆ ಸುಮಾರು 20 ಡಿಗ್ರಿ ವ್ಯತ್ಯಾಸ ಬಂತು (ಇದೇ ಸೆನ್ಸಿಟಿವಿಟಿ), ಗ್ರಾಫ್ ಗೆರೆನೂ ನೆಟ್ಟಗಿತ್ತು. ರಿಯಾಕ್ಟರ್‌ಗೆ ಇಳಿಸಿ ಝೀರೋ ಮೆಥಡ್‌ನಲ್ಲಿ, ಅಂದ್ರೆ ಖಾಲಿ ಸೆಲ್‌ಗೆ ಕರೆಂಟ್ ಏರಿಸ್ತಾ ಎರಡೂ ಸೆಲ್ ಸರಿಸಮ ಮಾಡಿ ನೋಡಿದ್ರೆ, ನನ್ನ ರೀಡಿಂಗ್ ಹತ್ತತ್ರ 10 ಪರ್ಸೆಂಟ್ ಕಮ್ಮಿ! ಮೊದ್ಲು ಕ್ಯಾಲೋರಿಮೀಟರ್ ಒಳಗಿನ ಗ್ಯಾಸ್ ಮೇಲೆ ಡೌಟ್ ಬಂತು, ನೈಟ್ರೋಜನ್ ತೆಗೆದು ಹೀಲಿಯಂ ತುಂಬಿದೆ, ಅದು ಐದಾರು ಪಟ್ಟು ಜಾಸ್ತಿ ಶಾಖ ಸಾಗಿಸುತ್ತೆ, ಸೆನ್ಸಿಟಿವಿಟಿ ಬಿದ್ದೋಯ್ತು ಆದ್ರೆ ಮೂಲ ತೊಂದರೆ ಹಾಗೇ ಇತ್ತು. ಆ ಗಡಿಬಿಡೀಲಿ ತಂಪು ಮಾಡೋ ನೀರು ಬಿಡದೆ ಪವರ್ ಏರಿಸಿ ಒಂದು ಹೀಟರ್ ಸುಟ್ಟೆ, ಬಾಡಿನ ಮತ್ತೆ ವೆಲ್ಡ್ ಮಾಡಿಸ್ಬೇಕಾಯ್ತು, ಆ ವರ್ಷದ ಬಜೆಟ್‌ನಲ್ಲಿ ಕಾಲು ಭಾಗ ಅಲ್ಲೇ ಹೋಯ್ತು, ಇವತ್ತಿಗೂ ಹೊಟ್ಟೆ ಉರಿಯುತ್ತೆ.

ಆಮೇಲೆ ಹೊಳೀತು. ರಿಯಾಕ್ಟರ್ ಒಳಗೆ ಗ್ರಾಫೈಟ್‌ಗೆ ಬರೋದು ಒಂದೂವರೆ ವ್ಯಾಟ್, ಆದ್ರೆ ಎರಡೂ ಸೆಲ್‌ನ ಸ್ಟೀಲ್ ಬಾಡಿಗೆ ತಲಾ ಐದು ವ್ಯಾಟ್ ಹತ್ರ ಬೀಳುತ್ತೆ. ಸ್ಟೀಲ್ ಬಿಸಿಯಾದಷ್ಟೂ ಶಾಖ ಚೆನ್ನಾಗಿ ಸಾಗಿಸುತ್ತೆ, ಗೆರೆ ಬಾಗುತ್ತೆ, ನಾನು ತಣ್ಣಗಿನ ಕಡೆಯ ಸ್ಲೋಪ್ ಹಿಡ್ಕೊಂಡು ಬಿಸಿ ಕಡೆ ಲೆಕ್ಕ ಹಾಕ್ತಿದ್ದೆ.

ಹಾಗಾಗಿ ಎರಡೂ ಸೆಲ್‌ಗೆ ಮೊದ್ಲು ಐದು ವ್ಯಾಟ್ ಕೊಟ್ಟು ನಿಲ್ಲಿಸಿ, ಅದರ ಮೇಲೆ ಗ್ರಾಫೈಟ್ ಸೆಲ್‌ಗೆ ಮಾತ್ರ ಸ್ಟೆಪ್ ಸ್ಟೆಪ್ಪಾಗಿ ಏರಿಸಿದೆ. ವ್ಯಾಟ್‌ಗೆ 18ಕ್ಕೂ ಸ್ವಲ್ಪ ಕೆಳಗೆ ಬಂತು. ಅದನ್ನ ಹಾಕಿದ್ರೆ ಝೀರೋ ಮೆಥಡ್ ಜೊತೆ ವ್ಯತ್ಯಾಸ 2 ಪರ್ಸೆಂಟ್ ಒಳಗೆ! ನಗ್ತಿದ್ದೋರು ಈಗ ಅದೇ ಕ್ಯಾಲಿಬ್ರೇಷನ್ ಶೀಟ್ ಕೇಳ್ತಿದಾರೆ. ಫ್ರಾನ್ಸ್‌ನ ಜೂಲ್ಸ್ ಹೊರೊವಿಟ್ಜ್ ರಿಯಾಕ್ಟರ್‌ಗೆ ಗ್ರಾಂಗೆ 20 ವ್ಯಾಟ್ ತನಕ ಶಾಖ ಬೀಳುತ್ತೆ ಅಂತ ಲೆಕ್ಕ ಇಟ್ಟಿದಾರೆ, ಅಂಥ ಕಡೆ ಈ ಬಾಗು ಬಿಟ್ರೆ ತಪ್ಪು ಇನ್ನೂ ದೊಡ್ಡದು.

ನೀವೂ ಮಾಡೋದಾದ್ರೆ, ವೋಲ್ಟೇಜ್ ನಾಲ್ಕು ವೈರಲ್ಲಿ (ಕರೆಂಟ್‌ಗೆ ಎರಡು, ವೋಲ್ಟೇಜ್ ಅಳೆಯೋಕೆ ಬೇರೆ ಎರಡು) ಹೀಟರ್ ಹತ್ರಾನೇ ತಗೊಳ್ಳಿ, ಇಲ್ಲಾಂದ್ರೆ ಲೀಡ್‌ನಲ್ಲಿ ಹೋಗೋ ಪವರ್ರೂ ಸೇರಿ ಸೆನ್ಸಿಟಿವಿಟಿ ಕಮ್ಮಿ ಕಾಣುತ್ತೆ. ನೀರಿನ ಫ್ಲೋ, ಟೆಂಪರೇಚರ್ ರಿಯಾಕ್ಟರ್‌ನಲ್ಲಿ ಇರೋ ಥರಾನೇ ಇಡಿ. ಗ್ರಾಫೈಟ್ ಒಳಗೆ ಹೀಟರ್ ಹೇಗೆ ಕೂರಿಸ್ತೀನಿ ಅನ್ನೋದನ್ನ ಮಾತ್ರ ಸದ್ಯಕ್ಕೆ ನನ್ನ ಹತ್ರಾನೇ ಇಟ್ಕೊಂಡಿದೀನಿ.