1972ರ ಸ್ಟ್ರ್ಯಾಟ್ ಕೈಹದ, 32 ಸಾವಿರದ ಗಿಟಾರ್‌ನಲ್ಲಿ: ನನ್ನ ಅನುಭವ

ಹೋದ ನವೆಂಬರ್‌ನಲ್ಲಿ ಮಹಾಲಕ್ಷ್ಮಿ ಲೇಔಟ್‌ನಲ್ಲಿ ರಾಜ್ಯೋತ್ಸವದ ಆರ್ಕೆಸ್ಟ್ರಾ ಇತ್ತು. ಸೌಂಡ್ ಚೆಕ್‌ನಲ್ಲಿ ನಾನು ನಾಲ್ಕು ಸ್ವರ ನುಡಿಸಿದ್ದೇ ತಡ, ಕೀಬೋರ್ಡ್ ಗೆಳೆಯ ತಲೆ ಎತ್ತದೆಯೇ "ಏನ್ ಗುರು, ಅಂಕಲ್ ಗಿಟಾರ್ ಎತ್ಕೊಂಡ್ ಬಂದ್ಬಿಟ್ಯಾ?" ಅಂದ. ನನ್ನ ಕೈಯಲ್ಲಿದ್ದದ್ದು 32 ಸಾವಿರ ಚಿಲ್ಲರೆ ಕೊಟ್ಟು ತಗೊಂಡ ಇಂಡೋನೇಷ್ಯಾದ ಗಿಟಾರ್. ಇದಕ್ಕೆ ಹಳೇ ಸ್ಟ್ರ್ಯಾಟ್‌ನ (ಅಮೆರಿಕದ ಫೆಂಡರ್ ಕಂಪನಿಯ ಸ್ಟ್ರ್ಯಾಟೋಕಾಸ್ಟರ್ ಎಲೆಕ್ಟ್ರಿಕ್ ಗಿಟಾರ್) ದನಿ, ಕೈಹದ ತರ್ತೀನಿ ಅಂದರೆ ಎರಡು ವರ್ಷದಿಂದ "ಆಗಲ್ಲ ಬಿಡು, ಹಳೇ ಮರ ಎಲ್ಲಿಂದ ತರ್ತೀಯ" ಅಂತಿದ್ದವರಲ್ಲಿ ಇವನೂ ಒಬ್ಬ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅಂಕಲ್ ಅಂದರೆ ಕಾಕ್ಸ್ ಟೌನ್‌ನ ಹಿರಿಯರು. ಎಪ್ಪತ್ತರ ದಶಕದಲ್ಲಿ ಹೋಟೆಲ್ ಬ್ಯಾಂಡ್‌ಗಳಲ್ಲಿ ನುಡಿಸಿದವರು. ಅವರ 1972ರ ಸ್ಟ್ರ್ಯಾಟ್ ಫ್ರೆಟ್ (ಗಿಟಾರ್ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ) ಕೆಲಸಕ್ಕೆಂದು ನನ್ನ ಹತ್ತಿರ ಬಂತು. ಪಾಟ್ (ದನಿ ಏರಿಳಿಸುವ ಗುಬ್ಬಿಯ ಒಳಭಾಗ) ಮೇಲೆ ತಯಾರಕರ ಸಂಕೇತ 137, ಆಮೇಲೆ ವರ್ಷ 72. ಮೂರು ಬೋಲ್ಟಿನ ನೆಕ್, ತಲೆಯಲ್ಲಿ ನೆಕ್‌ನ ಬಾಗು ಸರಿಮಾಡುವ ಬುಲೆಟ್ ಟ್ರಸ್ ರಾಡ್. ಮೂರೇ ಸ್ಥಾನದ ಸ್ವಿಚ್ ಕೂಡ ಹಾಗೇ ಇದೆ. ಮಡಿಲಲ್ಲಿಟ್ಟು, ತಂತಿ ಪಕ್ಕಕ್ಕೆ ಎಳೆದು ಎರಡು ಬೆಂಡ್ ಹಾಕಿದೆ. ಆಮೇಲೆ ನನ್ನದನ್ನು ಮುಟ್ಟಿದರೆ ಪ್ಲಾಸ್ಟಿಕ್ ಸ್ಕೇಲ್ ಹಿಡಿದ ಹಾಗಾಯಿತು. ಅವತ್ತೇ ಹಟ ಹಿಡಿಯಿತು.

ಮೊದಲು ಎಲ್ಲರ ಹಾಗೆ ಪಿಕಪ್‌ಗೇ (ತಂತಿಯ ಕಂಪನ ಹಿಡಿಯುವ ಅಯಸ್ಕಾಂತದ ಸುರುಳಿ) ಹೋದೆ. ಕೈಯಲ್ಲಿ ಸುತ್ತಿದ ಸೆಟ್, ಹೊರಗಿನಿಂದ ತರಿಸಿದ್ದು, ಸುಂಕ ಎಲ್ಲ ಸೇರಿ 19 ಸಾವಿರದ ಹತ್ತಿರ. ಚೆನ್ನಾಗಿತ್ತು, ಸುಳ್ಳು ಹೇಳಲ್ಲ. ಆದರೆ ಅಂಕಲ್ ಗಿಟಾರ್‌ನ ಆ ದಪ್ಪ ಮೇಲ್ದನಿ ಬರಲಿಲ್ಲ. ಆರನೇ ತಂತಿಯಲ್ಲಿ ದನಿ ಅಲೆಅಲೆಯಾಗಿ ನಡುಗುತ್ತಿತ್ತು. ಅದು ನಾನು ಪಿಕಪ್ ತೀರಾ ಮೇಲೆತ್ತಿ, ಅಯಸ್ಕಾಂತ ತಂತಿಯನ್ನು ಎಳೆದಿದ್ದರಿಂದ. ಅಂಕಲ್ ಗಿಟಾರ್‌ನಲ್ಲಿ ಕೊನೇ ಫ್ರೆಟ್ ಒತ್ತಿ ಅಳೆದರೆ ಪಿಕಪ್‌ಗೂ ದಪ್ಪ ತಂತಿಗೂ ನಡುವೆ ನಾಲ್ಕು ಮಿಲಿಮೀಟರ್ ಇತ್ತು. ನನ್ನದರಲ್ಲಿ ಎರಡೂ ಇರಲಿಲ್ಲ. ಇಳಿಸಿದ ಮೇಲೆ ಅರ್ಧ ಕಾಯಿಲೆ ಅಲ್ಲೇ ವಾಸಿಯಾಯಿತು. ಸ್ಕ್ರೂಡ್ರೈವರ್‌ನ ಕೆಲಸಕ್ಕೆ 19 ಸಾವಿರ ಸುರಿದಿದ್ದೆ.

ಆಮೇಲೆ ಬಣ್ಣದ ಹುಚ್ಚು. "ನೈಟ್ರೋ ಬಣ್ಣ ಇದ್ರೆ ಮರ ಉಸಿರಾಡತ್ತೆ" ಅಂತ ಹೇಳ್ತಾರಲ್ವಾ? ನಮ್ಮ ಫರ್ನಿಚರ್ ಪಾಲಿಶ್‌ನವರು ಹೊಡೆಯುವ ಎನ್‌ಸಿ ಲ್ಯಾಕರ್ ಕೂಡ ನೈಟ್ರೋಸೆಲ್ಯುಲೋಸೇ. ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ. ಬಾಡಿ ಪೂರ್ತಿ ಕೆರೆದೆ. ಜುಲೈ ತಿಂಗಳು, ಜಿಟಿಜಿಟಿ ಮಳೆ, ಆದರೂ ತಾಳ್ಮೆ ಇಲ್ಲದೆ ಸ್ಪ್ರೇ ಹೊಡೆದೆ. ಹತ್ತು ನಿಮಿಷದಲ್ಲಿ ಬಾಡಿ ಮೇಲೆಲ್ಲ ಹಾಲು ಚೆಲ್ಲಿದ ಹಾಗೆ ಬೆಳ್ಳಗಾಯಿತು. ಗಾಳಿಯ ತೇವ ಲ್ಯಾಕರ್ ಒಳಗೆ ಸಿಕ್ಕಿಕೊಂಡರೆ ಹಾಗೇ. ಮತ್ತೆ ಕೆರೆದು, ಮತ್ತೆ ಹೊಡೆದು, ಥಿನ್ನರ್ ಲೆಕ್ಕ ಸೇರಿ ನಾಲ್ಕೂವರೆ ಸಾವಿರ, ಮೂರು ವಾರ. ಕೊನೆಗೆ ಮಿರಮಿರ ಮಿಂಚಿತು. ದನಿಯಲ್ಲಿ ವ್ಯತ್ಯಾಸ ಮಾತ್ರ ನನ್ನ ಕಿವಿಗೆ ಒಂದು ಕೂದಲಷ್ಟೂ ಸಿಗಲಿಲ್ಲ. ಇಷ್ಟು ಮಾಡಿದ ಮೇಲೆ ತಲೆಗೆ ಹೋಯಿತು: ಅಂಕಲ್ ಗಿಟಾರ್ ಬಾಡಿ ಮೇಲಿರುವುದೇ ದಪ್ಪ ಪಾಲಿಯೆಸ್ಟರ್! ಫೆಂಡರ್‌ನವರು 1968ರ ಸುಮಾರಿಗೇ ಅದಕ್ಕೆ ಬದಲಾಯಿಸಿದ್ದರು. ಆ ಕಾಲದ ಗಿಟಾರ್ ಇಟ್ಟುಕೊಂಡು ನೈಟ್ರೋ ಪುರಾಣ ಹೇಳುವವರು ಇದನ್ನು ಸ್ವಲ್ಪ ಯೋಚಿಸಬೇಕು.

ನಡುವೆ ಇನ್ನೊಂದು ಪ್ರಯೋಗ. ನುಡಿಸಿ ನುಡಿಸಿ ಮರ ಸಡಿಲವಾಗುತ್ತದೆ ಅಂತ ಒಬ್ಬರು ಹೇಳಿದರು. ಫೋನ್‌ನ ತಂಬೂರಿ ಆ್ಯಪ್ ಹಾಕಿ, ಗಿಟಾರನ್ನು ಸ್ಪೀಕರ್ ಮುಂದೆ ನಿಲ್ಲಿಸಿ, ರಾತ್ರಿ ಹಗಲು ಇಪ್ಪತ್ತು ದಿನ ಶ್ರುತಿ ಕೇಳಿಸಿದೆ. ಮುಂಚೆ ಒಂದು ರೆಕಾರ್ಡಿಂಗ್, ಆಮೇಲೆ ಒಂದು. ಎರಡೂ ಒಂದೇ. ಟೋನ್ ಕೆಪಾಸಿಟರ್‌ಗೆ ಹಳೇ ಕಾಲದ್ದು ಹುಡುಕಿ ಹಾಕಿದ್ದೂ ಅಷ್ಟೇ. ಟೋನ್ ಗುಬ್ಬಿ ಪೂರ್ತಿ ಹತ್ತರಲ್ಲಿಟ್ಟು ನುಡಿಸುವವನಿಗೆ ಅದರಿಂದ ಏನೂ ಆಗುವುದಿಲ್ಲ.

ದಾರಿ ಸಿಕ್ಕಿದ್ದು ಕೇಬಲ್‌ನಿಂದ. ಒಂದು ಸಂಜೆ ಅಂಕಲ್ ತಮ್ಮ ಸುರುಳಿ ಕೇಬಲ್ ಮನೆಯಲ್ಲೇ ಬಿಟ್ಟು ಬಂದಿದ್ದರು, ಹಳೇ ಲ್ಯಾಂಡ್‌ಲೈನ್ ಫೋನ್‌ಗೆ ಇರುತ್ತಿತ್ತಲ್ಲ, ಆ ಥರದ್ದು. ನನ್ನ ಹತ್ತಡಿ ಕೇಬಲ್ ಚುಚ್ಚಿದರೆ 1972ರ ಗಿಟಾರ್ ನನ್ನದರ ಹಾಗೇ ಕಿವಿಗೆ ಚುಚ್ಚತೊಡಗಿತು. "ಏನ್ ಮ್ಯಾನ್, ಏನ್ ಮಾಡ್ದೆ ನನ್ ಗಿಟಾರ್‌ಗೆ?" ಅಂತ ಅಂಕಲ್ ಗಾಬರಿಯಾದರು. ಮರುದಿನ ಎರಡೂ ಕೇಬಲ್‌ಗೆ ಕೆಪಾಸಿಟೆನ್ಸ್ ಅಳೆಯುವ ಮೀಟರ್ ಇಟ್ಟೆ. ನನ್ನದು 300 ಪಿಕೋಫ್ಯಾರಡ್ ಹತ್ತಿರ, ಸುರುಳಿಯದು ಸಾವಿರದ ಆಸುಪಾಸು. ಪಿಕಪ್‌ನ ಇಂಡಕ್ಟೆನ್ಸ್ ಜೊತೆ ಲೆಕ್ಕ ಹಾಕಿದರೆ, 5,000 ಹರ್ಟ್ಸ್ ಹತ್ತಿರ ದನಿ ಎದ್ದು ಕೇಳುವ ಉಬ್ಬು 3,000ಕ್ಕೆ ಇಳಿಯುತ್ತದೆ. ಆ ದಪ್ಪ ಮೇಲ್ದನಿ ಅಂದರೆ ಇದೇ.

ಎಸ್.ಪಿ. ರೋಡಿಗೆ ಹೋಗಿ ಸಣ್ಣ ಕೆಪಾಸಿಟರ್‌ಗಳನ್ನು ಬೊಗಸೆ ತುಂಬ ತಂದೆ. ಎಲ್ಲ ಸೇರಿ ಅರವತ್ತು ರೂಪಾಯಿ. ಜ್ಯಾಕ್‌ನಲ್ಲಿ ಸಿಗ್ನಲ್‌ನಿಂದ ಗ್ರೌಂಡ್‌ಗೆ ಒಂದು, ಪುಶ್-ಪುಲ್ ಪಾಟ್ ಮೂಲಕ, ಬೇಡ ಅಂದಾಗ ತೆಗೆಯುವ ಹಾಗೆ. 330ರಿಂದ 680 ಪಿಕೋಫ್ಯಾರಡ್ ಒಳಗೆ ಹುಡುಕಿ. ನಾನು ನಿಂತ ಅಂಕಿ ನನ್ನ ಹತ್ತಿರವೇ ಇರಲಿ, ಪಿಕಪ್‌ನಿಂದ ಪಿಕಪ್‌ಗೆ ಅದು ಬೇರೆ. ವೈರ್‌ಲೆಸ್ ಹಾಕುವ ಆರ್ಕೆಸ್ಟ್ರಾದವರಿಗೆ ಇದು ಇನ್ನೂ ಜಾಸ್ತಿ ಬೇಕು, ಅಲ್ಲಿ ಉದ್ದದ ಕೇಬಲ್ಲೇ ಇಲ್ಲವಲ್ಲ. ಪಾಟ್ ಕೂಡ ಅಳೆಯಿರಿ. ಎರಡರ ಮೇಲೂ 250ಕೆ (ಕಿಲೋಓಮ್) ಅಂತಲೇ ಇದ್ದರೂ ನನ್ನ ವಾಲ್ಯೂಮ್ 280 ತೋರಿಸಿತು, ಅಂಕಲ್‌ದು 225. ಹುಡುಕಿ 230ರದ್ದು ಹಾಕಿದೆ. ತಂತಿ 10-46 ದಪ್ಪದ್ದು, ದಪ್ಪ ತಂತಿಗಳ ಸುತ್ತು ಪೂರ್ತಿ ನಿಕಲ್‌ನದು.

ದನಿ ಬಂತು. ಕೈಗೆ ಮಾತ್ರ ಇನ್ನೂ ಹೊಸ ಗಿಟಾರೇ.

ಇದರಲ್ಲಿ ಒಂದು ನೆಕ್ ಹಾಳು ಮಾಡಿದ್ದೇನೆ. ಹಳೆಯದರ ರೇಡಿಯಸ್ (ಫ್ರೆಟ್ ಕೂರುವ ಹಲಗೆಯ ಅಡ್ಡ ಬಾಗಿನ ಅಳತೆ) ಏಳೂಕಾಲು ಇಂಚು, ನನ್ನದು ಒಂಬತ್ತೂವರೆ. ಗುಟ್ಟು ಅಲ್ಲೇ ಇದೆ ಅಂತ ಪೀಣ್ಯದಲ್ಲಿ ಅಲ್ಯೂಮಿನಿಯಂ ಬ್ಲಾಕ್ ಮಾಡಿಸಿ, ಬೇರೆ ನೆಕ್ ತಂದು ಫ್ರೆಟ್ ಕಿತ್ತು ಉಜ್ಜಿದೆ. ಬ್ಲಾಕ್‌ಗೆ 1,800, ನೆಕ್‌ಗೆ ಆರೂವರೆ ಸಾವಿರ. ಆ್ಯಕ್ಷನ್ (ಫ್ರೆಟ್‌ನಿಂದ ತಂತಿಯ ಎತ್ತರ) ನನಗೆ ಬೇಕಾದಷ್ಟು ಇಳಿಸಿದರೆ ಹನ್ನೆರಡನೇ ಫ್ರೆಟ್‌ನಿಂದ ಮೇಲೆ ಬೆಂಡ್ ಹಾಕಿದಾಗೆಲ್ಲ ದನಿ ಸತ್ತೇ ಹೋಗುತ್ತಿತ್ತು. ಅಂಕಲ್ ಆ್ಯಕ್ಷನ್ ಎತ್ತರ ಇಟ್ಟೇ ಐವತ್ತು ವರ್ಷ ನುಡಿಸಿದ್ದಾರೆ, ನನಗದು ಆಗದು.

ಆಮೇಲೆ ಕಣ್ಣು ಮುಚ್ಚಿ ಅಂಕಲ್ ನೆಕ್ ಮೇಲೆ ಹೆಬ್ಬೆರಳು ಓಡಿಸಿ ನೋಡಿದೆ. ಮೂರನೇ ಫ್ರೆಟ್‌ನಿಂದ ಒಂಬತ್ತರವರೆಗೆ ಅಂಚೇ ಇಲ್ಲ, ತೊಳೆದಿಟ್ಟ ಸೋಪಿನ ಹಾಗೆ ದುಂಡಗೆ. ಮೇಲಕ್ಕೆ ಹೋದಂತೆ ಅಂಚು ಮತ್ತೆ ಚೂಪಾಗುತ್ತದೆ, ಅಲ್ಲಿ ಕೈ ಅಷ್ಟಾಗಿ ಓಡಾಡಿಲ್ಲ. ನನ್ನದು ಉದ್ದಕ್ಕೂ ಒಂದೇ ಚೂಪು. ಮೇಲಾಗಿ ಫೆಬ್ರವರಿ, ಮಾರ್ಚ್‌ನಲ್ಲಿ ನಮ್ಮ ಒಣ ಹವೆಗೆ ಮರ ಕುಗ್ಗಿ ಫ್ರೆಟ್ ತುದಿಗಳು ಗರಗಸದ ಹಾಗೆ ಹೊರಗೆ ಬರುತ್ತವೆ.

ರೇಡಿಯಸ್ ಬಿಟ್ಟುಬಿಟ್ಟೆ. ಫ್ರೆಟ್ ತುದಿ ಉಜ್ಜಿದ್ದು ಮಾರ್ಚ್ ಕೊನೆಯಲ್ಲೇ, ಮರ ಪೂರ್ತಿ ಕುಗ್ಗಿದಾಗ. ಮಳೆಗಾಲದಲ್ಲಿ ಉಜ್ಜಿದರೆ ಮುಂದಿನ ಬೇಸಿಗೆಗೆ ಮತ್ತೆ ಅದೇ ಕೆಲಸ. ಅಂಚನ್ನು ಸ್ಕ್ರೂಡ್ರೈವರ್‌ನ ದುಂಡು ಕಡ್ಡಿಯಿಂದ ಒತ್ತಿ ತಿಕ್ಕಿದೆ, ಆಮೇಲೆ 400, 800ರ ಎಮರಿ ಪೇಪರ್. ಎಲ್ಲ ಕಡೆ ಒಂದೇ ಸಮ ಬೇಡ, ಕೈ ಓಡಾಡುವ ಕಡೆ ಮಾತ್ರ. ಕಡ್ಡಿಯ ಕೋನದಲ್ಲಿ ಒಂದು ಕೈಚಳಕ ಇದೆ, ಅದು ಬರೆದು ತಿಳಿಸುವಂಥದ್ದಲ್ಲ, ಬರೆಯುವುದೂ ಇಲ್ಲ. ನೆಕ್ ಹಿಂಬದಿಯ ಮಿಂಚು ತೆಗೆದು ಅಗಸೆ ಎಣ್ಣೆ ತೆಳ್ಳಗೆ ಎರಡು ಸಲ. ಮೂರು ಸಂಜೆಯ ಕೆಲಸ.

ಬ್ಯಾಂಡ್‌ನವರನ್ನು ಗೋಡೆ ಕಡೆ ತಿರುಗಿಸಿ ಕೂರಿಸಿ, ಒಂದೇ ಆ್ಯಂಪ್‌ನಲ್ಲಿ ಎರಡೂ ಗಿಟಾರ್ ಹತ್ತು ಸಲ ನುಡಿಸಿದೆ. ಒಬ್ಬೊಬ್ಬರೂ ನಾಲ್ಕೋ ಐದೋ ಸರಿ ಹೇಳಿದರು, ನಾಣ್ಯ ಚಿಮ್ಮಿದರೂ ಅಷ್ಟೇ ಬರುತ್ತಿತ್ತು. ಒಟ್ಟು ಖರ್ಚು 33 ಸಾವಿರದ ಹತ್ತಿರ ಆಗಿದೆ. ಅದರಲ್ಲಿ ನಿಜವಾಗಿ ಕೆಲಸಕ್ಕೆ ಬಂದದ್ದು ಪಾಟ್, ಕೆಪಾಸಿಟರ್, ತಂತಿ, ಎಣ್ಣೆ ಎಲ್ಲ ಸೇರಿ 1,500 ದಾಟಲ್ಲ.

ಡಿಸೆಂಬರ್‌ನಲ್ಲಿ ಅಂಕಲ್ ಬಂದು ಎರಡನ್ನೂ ಕಣ್ಣು ಮುಚ್ಚಿ ಹಿಡಿದರು. ನನ್ನದರಲ್ಲಿ ಐದು ನಿಮಿಷ ನುಡಿಸಿದ ಮೇಲೆ ನೆಕ್ ಹಿಂದೆ ಬೆರಳಾಡಿಸಿ, "ನನ್ನ ಉಂಗುರದ ಗೀರು ಎಲ್ಲಿ?" ಅಂತ ಕೇಳಿದರು. ಆಗಲೇ ಕಣ್ಣು ಬಿಟ್ಟಿದ್ದು. ಕ್ರಿಸ್‌ಮಸ್ ಕಾರ್ಯಕ್ರಮಕ್ಕೆ ತಮ್ಮದನ್ನು ನನ್ನ ಬೀರುವಿನಲ್ಲೇ ಬಿಟ್ಟು, ನನ್ನ ಗಿಟಾರ್ ತಗೊಂಡು ಹೋದರು.